ಬುಧವಾರದ ರೊಟ್ಟಿ ಬುಟ್ಟಿ

ಗುರೆಳ್ಳು ಹುರಿಯುವಾಗ ಒಲೆ ಬಿಟ್ಟು ಆಚೆ ಈಚೆ ನೋಡಬಾರದು. ಒಂದು ಗಳಿಗೆ ಮೈಮರೆತರೂ ಸೀದು ಕಹಿಯಾಗಿಬಿಡುತ್ತದೆ. ಇಷ್ಟು ವರ್ಷ ಹುರಿದ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಮೊನ್ನೆ ಶುಕ್ರವಾರ ಬೆಳಿಗ್ಗೆ ಸೀಯಿಸಿದೆ. ಬಾಣಲೆಯಲ್ಲಿ ಗುರೆಳ್ಳು ಚಟಪಟ ಅನ್ನುತ್ತಿತ್ತು, ಪಕ್ಕದಲ್ಲಿಟ್ಟಿದ್ದ ಫೋನು ಟಣ್ ಅಂದಿತು. ನಮ್ಮ ಸಭೆಯ ಗುಂಪಿನಲ್ಲಿ ಪಾಸ್ಟರು ಒಂದು ಫೋಟೋ ಹಾಕಿದ್ದರು. ಬಿಳಿಗೂದಲಿನ ಒಬ್ಬ ಹೆಂಗಸು, ದಪ್ಪ ಕನ್ನಡಕ. ಹಿಂದೊಮ್ಮೆ ಗದಗಿನಲ್ಲಿ ಸರಕಾರಿ ಕೆಲಸದಲ್ಲಿದ್ದ ಸಹೋದರಿ ಕರ್ತನಲ್ಲಿ ನಿದ್ರೆಹೋಗಿದ್ದಾರೆ ಎಂದು, ಅಂದರೆ ತೀರಿಕೊಂಡರೆಂದು, ಕೆಳಗೆ ಬರೆದಿತ್ತು. ನೋಡನೋಡುತ್ತಿದ್ದಂತೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಹಾಕಿದವರಲ್ಲಿ ಮುಕ್ಕಾಲು ಮಂದಿ ಆಕೆಯ ಮುಖವನ್ನೇ ನೋಡಿದವರಲ್ಲ.

ನನಗೂ ಮೊದಲು ಗುರುತು ಹತ್ತಲಿಲ್ಲ. ಅಡುಗೆಮನೆ ತುಂಬ ಸೀದ ಗುರೆಳ್ಳಿನ ಘಾಟು ಹಬ್ಬಿಕೊಂಡಿತ್ತಲ್ಲ, ಆ ವಾಸನೆಯ ನಡುವೆ ನಿಂತು ಮತ್ತೊಮ್ಮೆ ನೋಡಿದೆ. ಆಗ ಗೊತ್ತಾಯಿತು. ನಮ್ಮ ಟೈಪಿಂಗ್ ಬಾಯಾರು...

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಸಂಶಯದ ಹೆಂಗಸು. ಯಾರಾದರೂ ನಕ್ಕು ಮಾತಾಡಿಸಿದರೆ, ಇವರಿಗೆ ನನ್ನಿಂದ ಏನು ಬೇಕಾಗಿರಬಹುದು ಅನ್ನುವುದೇ ನನ್ನ ಮೊದಲ ಯೋಚನೆ. ನನ್ನ ಗಂಡ ಚೇಷ್ಟೆ ಮಾಡುತ್ತಿದ್ದರು: "ದೇವದೂತನ ಬಂದು ಬಾಗಲಾ ಬಡದ್ರೂ ನೀ ಮೊದಲ ಕಿಡಕ್ಯಾಗ ಇಣುಕಿ ನೋಡಾಕೀನ." ನೋಡಬಾರದೇನು? ದೇವದೂತ ಅಂತ ಹಣೆಯ ಮೇಲೆ ಬರೆದುಕೊಂಡು ಬರುತ್ತಾನೆಯೇ?

ನಮ್ಮ ಮನೆ ಬೆಟಗೇರಿಯಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ. ಗಂಡ ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ನಾನು ಮನೆಯಲ್ಲೇ ಕೂತು ನೇಕಾರರಿಗೆ ಕಂಡಿಕಿಗೆ ನೂಲು ಸುತ್ತಿ ಕೊಡುತ್ತಿದ್ದೆ. ಗದಗ ಆಗಷ್ಟೇ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ಬಾಡಿಗೆ ಕಟ್ಟಡಗಳಿಗೆಲ್ಲ ಆಫೀಸಿನ ಬೋರ್ಡು ಬಿದ್ದವು. ಎಲ್ಲೆಲ್ಲಿಂದಲೋ ವರ್ಗವಾಗಿ ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು, ಗಾದಿ ಇಳಿಸಿಕೊಂಡು ನಿಂತಿರುತ್ತಿದ್ದರು. ಹಾಗೆ ಬಂದವರು ಈ ಬಾಯಾರು; ಓದಿದ, ನೌಕರಿಯ ಹೆಂಗಸರಿಗೆ ನಮ್ಮ ಕಡೆ ಬಾಯಾರು ಅನ್ನುತ್ತೇವೆ. ಹಾಸನದ ಕಡೆಯವರು, ಯಾವುದೋ ಹೊಸ ಆಫೀಸಿನಲ್ಲಿ ಟೈಪಿಸ್ಟು. ಮದುವೆಯಾಗಿರಲಿಲ್ಲ, ಹಿಂದೆ ಮುಂದೆ ಯಾರೂ ಇದ್ದಂತಿರಲಿಲ್ಲ. ನಮ್ಮ ಓಣಿಯ ತುದಿಯಲ್ಲಿ ಒಬ್ಬ ನೇಕಾರರ ಮನೆಯ ಮಾಳಿಗೆ ಮೇಲಿನ ಕೋಣೆ ಹಿಡಿದರು. ಕೆಳಗೆ ದಿನವಿಡೀ ಮಗ್ಗದ ಸದ್ದು.

ಬಂದ ಮೊದಲ ಭಾನುವಾರವೇ ಚರ್ಚಿಗೆ ಬಂದರು. ಆರಾಧನೆ ಮುಗಿದ ಮೇಲೆ ನಾವು ಒಬ್ಬರಿಗೊಬ್ಬರು 'ವಂದನೆ, ಹೆಂಗದೀರಿ, ಆರಾಮ' ಅನ್ನುತ್ತೇವಲ್ಲ, ಅದಕ್ಕೆ ಯಾರೂ ಉತ್ತರ ಕಾಯುವುದಿಲ್ಲ. ಕೊನೆಯ ಆಶೀರ್ವಾದದಲ್ಲಿ ಪಾಸ್ಟರು 'ಅನ್ಯೋನ್ಯತೆ' ಎಂಬ ಮಾತು ಹೇಳುವ ಹೊತ್ತಿಗೆ ನಮ್ಮ ಮನಸ್ಸು ಆಗಲೇ ಹೊರಗೆ ಚಪ್ಪಲಿ ಹುಡುಕುತ್ತಿರುತ್ತಿತ್ತು. ಒಲೆಯ ಮೇಲೆ ಭಾನುವಾರದ ಸಾರು ಕಾಯುತ್ತಿರುತ್ತಿತ್ತು. ಆದರೆ ಈ ಬಾಯಾರು 'ಹೇಗಿದೀರಿ ಅಕ್ಕ?' ಎಂದು ಕೇಳಿ ಅಲ್ಲೇ ನಿಂತುಬಿಟ್ಟರು. ನಾನು 'ಆರಾಮ' ಅಂದೆ. "ಹೌದಾ?" ಅಂದು ನನ್ನ ಮುಖವನ್ನೇ ನೋಡಿದರು. ನನಗೆ ಮೈ ಉರಿಯಿತು. ಆರಾಮ ಅಂದ ಮೇಲೆ ಆರಾಮ, ಅದರಲ್ಲಿ ಕೆದಕುವುದೇನಿದೆ?

ಸಂಶಯ ನನಗೊಬ್ಬಳಿಗೇ ಬಂದಿದ್ದಲ್ಲ. ಅದಕ್ಕೆ ಕೆಲವು ವರ್ಷ ಮೊದಲು ಗಿಟಾರು ಹಿಡಿದ ಒಬ್ಬ ಪ್ರಸಂಗಿ ಬಂದು, ಹೀಗೆಯೇ ಮನೆಮನೆ ಹೊಕ್ಕು, ಸಿಹಿಯಾಗಿ ಮಾತಾಡಿ, ನಮ್ಮ ಸಭೆಯಿಂದ ಕೆಲವು ಮನೆಗಳನ್ನು ಎಬ್ಬಿಸಿಕೊಂಡು ಹೋಗಿದ್ದ. ಆ ಗಾಯ ಇನ್ನೂ ಹಸಿಯಾಗಿತ್ತು. ಸಭೆಯ ಹಿರಿಯರ ಹೆಂಡತಿಯನ್ನು ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದೆವು. ಓಣಿಯಲ್ಲಿ ಅವರ ಮಾತಿಗೆ ಎದುರಿಲ್ಲ. ಅವರು ನನ್ನನ್ನು ಬದಿಗೆ ಕರೆದು ಹೇಳಿದರು: "ಇಷ್ಟ ನಯಾ ಮಾತಾಡೋರು ಸುಮ್ಮ ಬರಂಗಿಲ್ಲವಾ. ಏನರ ಬೇಕಾಗಿರತೈತಿ. ನೋಡಕೋತ ಇರು."

ಸ್ವಲ್ಪ ದಿನಕ್ಕೆ ಬಾಯಾರು ಚರ್ಚಿನ ಗೇಟಿನ ಹತ್ತಿರ ನಮ್ಮ ಕೆಲವು ಹೆಂಗಸರನ್ನು ತಡೆದು ನಿಲ್ಲಿಸಿದರು. "ಬುಧವಾರ ಸಂಜೆ ನನ್ನ ರೂಮಿಗೆ ಬನ್ನಿ. ಪ್ರಾರ್ಥನೆ ಮಾಡೋಣ, ಆಮೇಲೆ ಒಟ್ಟಿಗೆ ಕೂತು ಊಟ ಮಾಡೋಣ. ಹೊಸದಾಗಿ ಏನೂ ಮಾಡ್ಬೇಡಿ. ಅವತ್ತು ನಿಮ್ಮ ರೊಟ್ಟಿ ಬುಟ್ಟೀಲಿ ಏನಿರುತ್ತೋ ಅದನ್ನೇ ತನ್ನಿ."

ದಾರಿಯುದ್ದಕ್ಕೂ ನಾವು ಇದನ್ನೇ ಹಿಂಜಿದೆವು. ಪ್ರಾರ್ಥನೆ ಸರಿ, ಊಟವೂ ಸರಿ. ಬುಟ್ಟಿ ಯಾಕೆ? ನಮ್ಮ ಕಡೆ ರೊಟ್ಟಿಯ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ಒಳಮನೆಯಲ್ಲಿ ಇಡುತ್ತೇವೆ. ಯಾರ ಮನೆಯ ಬುಟ್ಟಿ ತುಂಬಿದೆ, ಯಾರದು ತಳ ಕಂಡಿದೆ ಎಂಬುದು ಹೊರಗಿನವರು ನೋಡುವ ಸಂಗತಿಯಲ್ಲ. ಹಿರಿಯರು ಯೋಚಿಸಿ ಅಪ್ಪಣೆ ಕೊಟ್ಟರು, ಆದರೆ ಕಾವಲಿಗೆ ದೊಡ್ಡವ್ವನನ್ನೂ ಕಳಿಸಿದರು. ಮೂಲೆಮನೆಯಲ್ಲಿ ಒಬ್ಬರೇ ಇದ್ದ ಮುದುಕಿ ಆಯಿ, ಊಟ ಸಿಗುತ್ತದಲ್ಲ ಎಂದು ನಗುತ್ತಲೇ ಬಂದರು. ನಾನು ಹೋಗಿದ್ದು ಏನು ನಡೆಯುತ್ತದೆ ಎಂದು ನೋಡಲಿಕ್ಕೆ... ಖರೆ ಹೇಳಬೇಕೆಂದರೆ, ನನಗೆ ಹೋಗಬೇಕು ಅನ್ನಿಸಿಯೇ ಇತ್ತು. ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಕೂತು ಒಂದೇ ಕೀರ್ತನೆ ಹಾಡಿದವರ ಮನೆಯೊಳಗೆ ನಾನು ಒಮ್ಮೆಯೂ ಕೂತು ಉಂಡಿರಲಿಲ್ಲ. ಆ ಕೊರತೆ ಎದೆಯಲ್ಲಿತ್ತು, ಯಾರಿಗೂ ಹೇಳಿರಲಿಲ್ಲ.

ಮೊದಲ ಕೆಲವು ಬುಧವಾರ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಒಬ್ಬರು ಶೇಂಗಾ ಹೋಳಿಗಿ ತಂದರು, ಒಬ್ಬರು ಬದನೆಕಾಯಿ ಎಣ್ಣೆಗಾಯಿ, ದೊಡ್ಡವ್ವ ಕೋಳಿ ಸಾರನ್ನೇ ತಂದರು. ಕೇಳಿದರೆ ಎಲ್ಲರದೂ ಒಂದೇ ಮಾತು, ಏನಿಲ್ಲ, ಮನ್ಯಾಗಿತ್ತು, ತಂದೆ. ಬಾಯಾರು ಉಂಡು ಕೈತೊಳೆದು ಪಾಪ, ನಂಬಿಕೊಂಡು ಕೇಳಿದರು: "ನಿಮ್ಮ ಕಡೆ ದಿನಾ ಹಬ್ಬಾನಾ ಅಕ್ಕ?" ಪ್ರಾರ್ಥನೆಯ ಹೊತ್ತಿನಲ್ಲೂ ಹಾಗೆಯೇ. ಲೋಕದ ಸಮಾಧಾನಕ್ಕಾಗಿ, ದೇಶದ ನಾಯಕರಿಗಾಗಿ ಪ್ರಾರ್ಥಿಸುತ್ತಿದ್ದೆವು. ನಮ್ಮ ಮನೆಯ ಸುದ್ದಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಓಣಿಯ ಜನ ನಮ್ಮ ಚಪ್ಪಲಿಗಳನ್ನು ನೋಡಿ, ಇವರು ಮೇಲೆ ಏನು ನಡೆಸಿದ್ದಾರೆ ಎಂದು ಮಾತಾಡಿಕೊಳ್ಳುತ್ತಿದ್ದರು. ಮೇಲೆ ನಾವು ಒಬ್ಬರ ಬುಟ್ಟಿಯಲ್ಲಿ ಒಬ್ಬರು ಇಣುಕುತ್ತಿದ್ದೆವು.

ಅಷ್ಟರಲ್ಲಿ ನನ್ನ ಗಂಡನ ಕೆಲಸ ಹೋಯಿತು. ಜಿಲ್ಲೆಯಾದರೆ ಆಫೀಸಿನ ಕಾಗದಪತ್ರ ಅಚ್ಚು ಹಾಕುವ ಕೆಲಸ ಹೆಚ್ಚುತ್ತದೆ ಎಂದು ಪ್ರೆಸ್ಸಿನವರೆಲ್ಲ ಕುಣಿದಿದ್ದರು. ಕೆಲಸ ಬಂದದ್ದು ಖರೆ, ಅದರ ಜೊತೆಗೇ ಕಂಪ್ಯೂಟರೂ ಬಂತು. ಮೊಳೆ ಜೋಡಿಸುವವರು ಬೇಡವಾದರು. ಇವರು ಮಾತ್ರ ದಿನಾ ಬೆಳಿಗ್ಗೆ ಅಂಗಿ ತೊಟ್ಟು, ಬುತ್ತಿ ಹಿಡಿದು ಹೊರಡುತ್ತಿದ್ದರು. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಬುತ್ತಿ ಉಂಡು, ಸಂಜೆ ಹೊತ್ತಿಗೆ ಬರುತ್ತಿದ್ದರು. ಓಣಿಗೆ ಗೊತ್ತಾಗಬಾರದು ಎಂಬುದು ಅವರ ಹಟ. ನನ್ನ ಹಟವೂ ಅದೇ ಆಗಿತ್ತು. ಆಮೇಲಾಮೇಲೆ ಬುತ್ತಿಗೂ ಜೋಳ ಸಾಲದಾಯಿತು.

ಆ ಬುಧವಾರ ನಮ್ಮ ಬುಟ್ಟಿಯಲ್ಲಿ ಇದ್ದದ್ದು ನಾಲ್ಕು ದಿನದ ಒಣಗಿದ ರೊಟ್ಟಿಯ ಚೂರು, ಒಂದಿಷ್ಟು ಗುರೆಳ್ಳ ಹಿಂಡಿ, ಅಂದರೆ ಹುಚ್ಚೆಳ್ಳಿನ ಚಟ್ನಿಪುಡಿ. ಅದನ್ನು ಹೇಗೆ ಒಯ್ಯಲಿ? ಹೋಗದೆ ಕೂತರೆ ದೊಡ್ಡವ್ವನಿಗೆ ವಾಸನೆ ಹತ್ತುತ್ತದೆ. ನನಗಾಗ ಒಂದು ಸಂಶಯ ಗಟ್ಟಿಯಾಯಿತು. ಈ ಬಾಯಾರಿಗೆ ನಮ್ಮ ವಿಷಯ ಹೇಗೋ ತಿಳಿದಿದೆ, ನನ್ನ ಬುಟ್ಟಿ ಬಯಲು ಮಾಡಲಿಕ್ಕೇ ಈ ಬುಧವಾರದ ಹೂಟ ಹೂಡಿದ್ದಾರೆ ಎಂದುಕೊಂಡೆ. ಪಕ್ಕದ ಮನೆಯ ಖಾಲಾ ಹತ್ತಿರ ಹೋದೆ. ಅವರ ಯಜಮಾನರು ಬಳೆ ವ್ಯಾಪಾರದವರು, ಎರಡೂ ಮನೆಗೆ ನಡುವೆ ಒಂದೇ ಗೋಡೆ. ಖಾಲಾ ಏನೂ ಕೇಳಲಿಲ್ಲ. ಬಿಸಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ಜಲ್ದಿ ಹೋಗವಾ, ಆರತಾವ" ಅಂದರು.

ಇಲ್ಲಿ ನಾನೊಂದು ಮರೆತಿದ್ದೆ. ನಮ್ಮ ಕಡೆಯ ಹೆಂಗಸರಿಗೆ ರೊಟ್ಟಿ ನೋಡಿದರೆ ಬಡಿದ ಕೈ ಗೊತ್ತಾಗುತ್ತದೆ. ನಾನು ಬಡಿದದ್ದು ಅಗಲ, ತೆಳು. ಖಾಲಾನದು ಸಣ್ಣದು, ದಪ್ಪ, ಅಂಚಿಗೆ ಬೆರಳ ಗುರುತು. ಪ್ರಾರ್ಥನೆ ಮುಗಿದು ಎಲ್ಲರೂ ಸುತ್ತ ಕೂತೆವು. ದೊಡ್ಡವ್ವ ನನ್ನ ರೊಟ್ಟಿಯೊಂದನ್ನು ಕೈಗೆತ್ತಿಕೊಂಡು ಅಂಚಿಗೆ ಬೆರಳಾಡಿಸಿದರು.

"ಈ ರೊಟ್ಟಿ ನೀ ಬಡದದ್ದಲ್ಲ."

ಕೆಳಗೆ ಮಗ್ಗವೂ ನಿಂತಿತ್ತೋ ಏನೋ, ಏನೂ ಕೇಳಿಸಲಿಲ್ಲ. ಆಗ ಮೂಲೆಮನೆಯ ಆಯಿ ಬಾಯಿಗೆ ಸೆರಗು ಹಚ್ಚಿಕೊಂಡು ನಗಲಿಕ್ಕೆ ಹತ್ತಿದರು.

"ಆಕಿಗೊಬ್ಬಾಕಿಗೆ ಯಾಕ ಕೇಳ್ತಿ? ನೀ ತಂದದ್ದು ನೀ ಬಡದದ್ದೇನ? ಖಾನಾವಳಿ ರೊಟ್ಟಿ ನನಗ ಗೊತ್ತಾಗಂಗಿಲ್ಲೇನ? ನನ್ನ ಬುಟ್ಯಾಗಿಂದರ ನಂದೇನ? ಅದು ನಿನ್ನ ಸೊಸಿ ಕೊಟ್ಟದ್ದು."

ದೊಡ್ಡವ್ವನ ಮುಖ ಕೆಂಪಾಯಿತು, ಆಮೇಲೆ ಸಣ್ಣದಾಯಿತು. ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಮೆಲ್ಲಗೆ ಹೇಳಿದರು: "ಸೊಸಿ ಬ್ಯಾರೆ ಒಲಿ ಹೂಡ್ಯಾಳ. ಸುಗ್ಗಿ ಆದಾಗಿಂದ ಮಾತಿಲ್ಲ. ನನಗ ರಟ್ಟಿ ಏಳಂಗಿಲ್ಲ, ಬಡಿಯಾಕ ಆಗಂಗಿಲ್ಲ." ಇಡೀ ಸಭೆಗೆ ಒಗ್ಗಟ್ಟಿನ ಬುದ್ಧಿ ಹೇಳುವ ಮನೆಯೊಳಗೆ ಎರಡು ಒಲೆ ಉರಿಯುತ್ತಿದ್ದವು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಮಾತು ಕೇಳಿದ್ದೇ ನನ್ನ ಬಾಯಿ ತಾನಾಗಿ ತೆರೆಯಿತು. ಗಂಡನ ಕೆಲಸ ಹೋದದ್ದು, ಸ್ಟೇಷನ್ನಿನ ಬೆಂಚು, ಒಣರೊಟ್ಟಿಯ ಚೂರು... ಎಲ್ಲ ಹೇಳಿ ಅತ್ತುಬಿಟ್ಟೆ. ಯಾರೂ ಬುದ್ಧಿ ಹೇಳಲಿಲ್ಲ, ವಚನ ತೆರೆದು ಓದಲೂ ಇಲ್ಲ. ಬಾಯಾರು ಎದ್ದು ನೀರು ತಂದು ಕೊಟ್ಟು ಪಕ್ಕದಲ್ಲಿ ಕೂತರು. ಅವರ ಕಣ್ಣೂ ಒದ್ದೆಯಾಗಿತ್ತು.

ಮುಂದಿನ ಬುಧವಾರ ನಾನು ನನ್ನ ಒಣರೊಟ್ಟಿ, ಗುರೆಳ್ಳ ಹಿಂಡಿಯನ್ನೇ ಒಯ್ದೆ. ಬಾಯಾರು ಆ ಹಿಂಡಿಗೆ ಮರುಳಾದರು. ಹೇಗೆ ಹುರಿಯುವುದು, ಯಾವಾಗ ಒಲೆಯಿಂದ ಇಳಿಸುವುದು ಎಂದು ನನ್ನ ಹಿಂದೆ ಬಿದ್ದು ಕಲಿತರು, ಪ್ರತಿ ಸಲವೂ ಸೀಯಿಸಿದರು. ದೊಡ್ಡವ್ವನ ತಮ್ಮನ ಗುರುತಿನವರದು ಮುಂಡರಗಿಯಲ್ಲಿ ಹಳೆಯ ಕಾಲದ ಪ್ರೆಸ್ಸೊಂದು ಇನ್ನೂ ನಡೆಯುತ್ತಿತ್ತು. ಅಲ್ಲಿ ನನ್ನ ಗಂಡನಿಗೆ ಕೆಲಸ ಸಿಕ್ಕಿತು. ಆ ಪ್ರೆಸ್ಸೂ ಆಮೇಲೆ ಮುಚ್ಚಿತು, ಅದು ಬೇರೆ ಮಾತು. ಆ ತಿಂಗಳುಗಳಲ್ಲಿ ನಾನು ಬುಧವಾರಕ್ಕಾಗಿ ಕಾಯುತ್ತಿದ್ದೆ. ಯಾರ ಮುಂದೆಯೂ ಆರಾಮ ಅನ್ನದೆ ಇರಬಹುದಾದ ಜಾಗ ಭೂಮಿಯ ಮೇಲೆ ನನಗೆ ಅದೊಂದೇ ಇತ್ತು. ಅಷ್ಟು ಸುಖ ನನಗೆ ಚರ್ಚಿನೊಳಗೆ ಎಂದೂ ಆಗಿರಲಿಲ್ಲ.

ಆದರೆ ಸಂಶಯ ಅಷ್ಟು ಸುಲಭಕ್ಕೆ ಸಾಯುತ್ತದೆಯೇ? ಹೇಳಿಕೊಂಡ ಮೇಲೆ ಇನ್ನೊಂದು ಹೆದರಿಕೆ ಶುರುವಾಯಿತು. ನಾವು ಹೇಳಿದ್ದೆಲ್ಲ ಎಲ್ಲಿಗೆ ಹೋಗುತ್ತಿದೆ? ಬಾಯಾರು ಭಾನುವಾರ ಆರಾಧನೆ ಮುಗಿದದ್ದೇ ಕೈಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಾರೆ ಎಂಬ ಖಬರು ದೊಡ್ಡವ್ವನಿಗೆ ಬಂತು. ಲಕ್ಷ್ಮೇಶ್ವರದಲ್ಲಿ ಆಗ ಯಾರೋ ಹೊಸ ಸಭೆ ಶುರು ಮಾಡಿದ್ದರು. ದೊಡ್ಡವ್ವನ ಕಣ್ಣು ಮತ್ತೆ ಕಿರಿದಾಯಿತು. "ನಿನ್ನ ತವರು ಅಲ್ಲೇ ಐತೆಲ್ಲಾ. ಒಂದ್ಸಲ ಹೋಗಿ ಬಾ. ಎಲ್ಲಿಗೆ ಹೋಗ್ತಾಳ ನೋಡಕೊಂಡ ಬಾ." ಇಂಥ ಕೆಲಸಕ್ಕೆ ನನ್ನಂಥವಳು ಬೇರೆ ಸಿಗುತ್ತಾಳೆಯೇ? ಮುಂದಿನ ಭಾನುವಾರವೇ ತಲೆತುಂಬ ಸೆರಗು ಹೊದ್ದು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ.

ಬಾಯಾರು ಲಕ್ಷ್ಮೇಶ್ವರದ ತನಕ ಬರಲೇ ಇಲ್ಲ, ನಡುದಾರಿಯ ಮಾಗಡಿ ಎಂಬ ಹಳ್ಳಿಯಲ್ಲಿ ಇಳಿದರು. ನಾನೂ ಇಳಿದೆ. ಕೆರೆಯ ಕಡೆ ನಡೆದು ಒಂದು ಗಿಡದ ಬುಡದಲ್ಲಿ ಕೂತು ಡಬ್ಬಿ ತೆಗೆದರು. ಚಳಿಗಾಲ. ಎಲ್ಲಿಂದಲೋ ಹಾರಿಬರುವ ಬಾತುಗಳು ಕೆರೆಯ ತುಂಬ ಗದ್ದಲ ಹಾಕಿದ್ದವು. ನಾನು ಯಾರಾದರೂ ಬರುತ್ತಾರೆಯೇ ಎಂದು ಕಾದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಬಾಯಾರು ತಿರುಗಿಯೂ ನೋಡದೆ ಕೂಗಿದರು: "ಬನ್ನಿ ಅಕ್ಕ, ಬಸ್ಸಲ್ಲೇ ನೋಡ್ದೆ ನಿಮ್ಮನ್ನ."

ಹೋಗಿ ಕೂತೆ. ಡಬ್ಬಿಯಲ್ಲಿ ಅವರೇ ಬಡಿದ ರೊಟ್ಟಿ, ಹರಿದು ಚೂರುಚೂರಾದದ್ದು. ಮೇಲೆ ಸೀದ ಗುರೆಳ್ಳ ಹಿಂಡಿ. ಆ ಘಾಟು ಮೂಗಿಗೆ ಬಡಿಯಿತು. ಇನ್ನು ಮುಚ್ಚಿಡುವುದೇನಿದೆ ಎಂದು ನೇರವಾಗಿಯೇ ಕೇಳಿದೆ: "ಖರೆ ಹೇಳ್ರಿ ಬಾಯಾರ. ನಿಮಗ ನಮ್ಮ ಕಡಿಂದ ಏನ ಬೇಕಾಗೈತಿ?"

ಅವರು ಸಿಟ್ಟಾಗಲಿಲ್ಲ. ಡಬ್ಬಿಯನ್ನು ನನ್ನ ಕಡೆ ಸರಿಸಿ ಹೇಳಿದರು: "ಜೊತೇಲಿ ಊಟ. ಭಾನುವಾರ ಚರ್ಚ್ ಮುಗಿಸಿ ಎಲ್ರೂ ಮನೆಗೆ ಹೋಗ್ತೀರಲ್ಲ, ಒಂದೊಂದೇ ಬಾಗಿಲು ಹಾಕೋ ಸದ್ದು ನನ್ನ ರೂಮಿಗೆ ಕೇಳುತ್ತೆ. ಆಮೇಲೆ ಒಬ್ಳೇ ತಟ್ಟೆ ಮುಂದೆ ಕೂರೋಕೆ ಆಗಲ್ಲ ಅಕ್ಕ. ಇಲ್ಲಾದ್ರೆ ಇಷ್ಟು ಜನ ಇರ್ತಾರೆ." ಬಾತುಗಳ ಕಡೆ ಕೈ ಮಾಡಿ ನಕ್ಕರು.

ನಮ್ಮ ಸಂಶಯ ಸುಳ್ಳಾಗಿರಲಿಲ್ಲ. ಆಕೆಗೆ ನಮ್ಮಿಂದ ಒಂದು ಬೇಕೇ ಆಗಿತ್ತು. ನನಗೂ ಅದೇ ಬೇಕಾಗಿತ್ತು, ದೊಡ್ಡವ್ವನಿಗೂ ಅದೇ. ಬಾಯಿಬಿಟ್ಟು ಕೇಳುವ ಧೈರ್ಯ ಪರವೂರಿನ ಅವರೊಬ್ಬರಿಗೇ ಇತ್ತು. ನಾವಿಬ್ಬರೂ ಆ ಚೂರುಗಳನ್ನೇ ಹಂಚಿಕೊಂಡು ಉಂಡೆವು. ಅಂದು ನಾನು ತವರಿಗೆ ಹೋಗಲೇ ಇಲ್ಲ.

ತಿರುಗಿ ಬಂದ ಮೇಲೆ ದೊಡ್ಡವ್ವ ಕೇಳಿದರು, ಎಲ್ಲಿಗೆ ಹೋಗ್ತಾಳಂತ? ಹಕ್ಕಿ ನೋಡಾಕ ಅಂದೆ. "ಹಕ್ಕಿ ನೋಡಾಕ ಯಾರರ ಬಸ್ಸಿನ ರೊಕ್ಕಾ ಕೊಟ್ಟ ಹೋಗ್ತಾರೇನ?" ಎಂದು ಗದರಿದರು. ಆಮೇಲೆ ಎಲ್ಲ ಬಿಡಿಸಿ ಹೇಳಿದೆ. ಅವರು ಮುಂದಿನ ಭಾನುವಾರ ಗೇಟಿನ ಹತ್ತಿರ ನಿಂತು ಕಾದು, ಬಾಯಾರ ಕೈಚೀಲ ಕಸಿದುಕೊಂಡು, "ನಡೀರಿ ಮನಿಗೆ" ಅಂದರು. ಅಲ್ಲಿಂದ ಒಂದೊಂದು ಭಾನುವಾರ ಒಂದೊಂದು ಮನೆ. ಒಂದು ಭಾನುವಾರ ದೊಡ್ಡವ್ವನ ಸೊಸೆಯ ಮನೆ ಕೂಡ.

ಅದು ಬಹಳ ಕಾಲ ನಡೆಯಲಿಲ್ಲ. ಬಾಯಾರಿಗೆ ಮತ್ತೆ ವರ್ಗವಾಯಿತು. ಹೋದ ಮೇಲೆ ಒಂದೆರಡು ಸಲ ಫೋನು, ಆಮೇಲೆ ಅದೂ ಇಲ್ಲ. ಬುಧವಾರವನ್ನು ದೊಡ್ಡವ್ವನ ಮನೆಯಲ್ಲಿ ಮುಂದುವರಿಸಿದೆವು. ಒಂದು ಬುಧವಾರ ಯಾರೋ ಮಗಳು ಪಾಸಾದಳೆಂದು ಹೋಳಿಗಿ ತಂದರು. ಅದರ ಮುಂದಿನ ವಾರ ಇನ್ನೊಬ್ಬರು ಏನೂ ಕಾರಣವಿಲ್ಲದೆ ಕರಿಗಡಬು ತಂದರು. ಆಮೇಲೆ ಒಣರೊಟ್ಟಿ ತರಲು ನನಗೇ ಸಂಕೋಚವಾಗತೊಡಗಿತು. ಒಬ್ಬರು ಬರುವುದು ಬಿಟ್ಟರು, ಅವರಿಗೇನಾಗಿದೆ ಎಂದು ಉಳಿದವರು ಹಿಂದೆ ಮಾತಾಡಿದೆವು. ಆಯಿ ತೀರಿಕೊಂಡರು. ಬುಧವಾರ ನಿಂತುಹೋಯಿತು, ಯಾವ ಬುಧವಾರ ನಿಂತಿತು ಎಂಬುದು ಕೂಡ ಈಗ ನೆನಪಿಲ್ಲ.

ಈಗ ನಮ್ಮ ಚರ್ಚಿನ ಹಿಂದೆ ದೊಡ್ಡ ಹಾಲು ಕಟ್ಟಿದ್ದಾರೆ, ನೆಲಕ್ಕೆ ಟೈಲ್ಸು. ವರ್ಷಕ್ಕೊಮ್ಮೆ ಅನ್ಯೋನ್ಯತೆಯ ಊಟ ಎಂದು ಹೋಟೆಲಿನಿಂದ ಪಲಾವು ತರಿಸುತ್ತಾರೆ. ಕಾಗದದ ತಟ್ಟೆ ಹಿಡಿದು ನಿಂತು ಉಣ್ಣುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಹೆಂಗದೀರಿ ಅಂದರೆ ಆರಾಮ ಅನ್ನುತ್ತೇವೆ. ನನ್ನ ಗಂಡ ಹೋಗಿ ಇಷ್ಟು ವರ್ಷವಾದರೂ ನಾನು ಆರಾಮ ಅಂತಲೇ ಹೇಳುತ್ತ ಬಂದಿದ್ದೇನೆ.

ಮೊನ್ನೆ ಆ ಫೋಟೋದ ಕೆಳಗೆ ಏನಾದರೂ ಬರೆಯಬೇಕೆಂದು ಫೋನು ಹಿಡಿದು ಕೂತೆ. ಏನು ಬರೆದರೂ ಆ ಕೈಮುಗಿದ ಚಿತ್ರಗಳ ನಡುವೆ ಒಂದಾಗಿ ಹೋಗುತ್ತದೆ ಅನ್ನಿಸಿತು. ಫೋನು ಬದಿಗಿಟ್ಟು, ಸೀದ ಗುರೆಳ್ಳನ್ನೇ ಕುಟ್ಟಿ ಹಿಂಡಿ ಮಾಡಿಕೊಂಡು, ಬುಟ್ಟಿಯಲ್ಲಿದ್ದ ನಿನ್ನೆಯ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ದೊಡ್ಡವ್ವನ ಮನೆಗೆ ಹೋದೆ. ಅವರಿಗೆ ಈಗ ಕಣ್ಣು ಪೂರಾ ಹೋಗಿವೆ. ಹಾಸಿಗೆ ಬಿಟ್ಟು ಏಳುವುದಿಲ್ಲ. ಅವರನ್ನು ನೋಡಿಕೊಳ್ಳುವುದು ಅದೇ ಸೊಸೆ. ಬಾಗಿಲು ತೆಗೆದು ಒಳಗೆ ಕರೆದವಳೂ ಅವಳೇ.

"ಯಾರು?"

"ನಾನ್ರಿ, ದೊಡ್ಡವ್ವಾರ."

"ಇಷ್ಟ ದಿನ ಇಲ್ಲದ್ದು ಇವತ್ಯಾಕ ಬಂದಿ? ಏನ ಬೇಕಾಗಿತ್ತು?" ಕಣ್ಣು ಹೋದರೂ ಆ ಸಂಶಯ ಹಾಗೆಯೇ ಇತ್ತು.

ಟೈಪಿಂಗ್ ಬಾಯಾರು ತೀರಿಕೊಂಡರಂತ ಅಂದೆ. ಯಾವ ಬಾಯಾರು ಎಂದು ಕೇಳಿದರು. ಮಾಳಿಗೆ ಮೇಲಿನ ಕೋಣೆ, ಮಾಗಡಿ ಕೆರೆ, ಎಲ್ಲ ಹೇಳಿದೆ. ಅವರ ಮುಖದಲ್ಲಿ ಏನೂ ಹೊಳೆಯಲಿಲ್ಲ. ನನಗೆ ಸಂಕಟವಾಯಿತು. ಆ ಸಂಜೆಗಳನ್ನು ನೆನಪಿಟ್ಟವರು ಭೂಮಿಯ ಮೇಲೆ ಇನ್ನು ನಾನೊಬ್ಬಳೇ ಆದೆನಲ್ಲ ಎಂದುಕೊಂಡೆ. ಮಾತು ಬಿಟ್ಟು, ರೊಟ್ಟಿಗೆ ಹಿಂಡಿ ಹಚ್ಚಿ ಅವರ ಕೈಯಲ್ಲಿಟ್ಟೆ.

ದೊಡ್ಡವ್ವ ರೊಟ್ಟಿಯ ಅಂಚಿಗೆ ಮೆಲ್ಲಗೆ ಬೆರಳಾಡಿಸಿದರು, ಸುತ್ತ ಒಂದು ಸಲ. ಆಮೇಲೆ ಮೂಗಿನ ಹತ್ತಿರ ಹಿಡಿದರು.

"ಇದು ನೀ ಬಡದದ್ದು," ಅಂದರು. "ಹಿಂಡಿ ಸೀದೈತಿ, ಆಕಿ ಸೀಸತಿದ್ದಂಗ..."

ಅವರ ಮಡಿಲಿಗೆ ಉದುರಿದ ಹಿಂಡಿಯನ್ನು ನಾನು ಬೆರಳಿನಿಂದ ಒತ್ತಿ ತೆಗೆದೆ.

"ಇವತ್ತ ಬುಧವಾರ ಐತೇನ?"

"ಅಲ್ರಿ. ಶುಕ್ರವಾರ."

"ಇರ್ಲಿ," ಅಂದರು ದೊಡ್ಡವ್ವ, ಹಾಸಿಗೆಯ ಮೇಲೆ ಪಕ್ಕಕ್ಕೆ ಸರಿಯುತ್ತ. "ಕುಂಡ್ರು. ನೀನೂ ಒಂದ ತುತ್ತು ತಗೋ."